ಬಿಂದಿಗೆಯ ಜಾಗದ ಸೊನ್ನೆ

ಹೋದ ವಾರ ಅಮೃತಾಪುರದಲ್ಲಿರುವ ನಮ್ಮಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ತರೀಕೆರೆ ಬಸ್ಸಿಗೆಂದು ರಸ್ತೆಗೆ ಬಂದು ನಿಂತರೆ ಅಲ್ಲಿ ಓವರ್‌ಹೆಡ್ ಟ್ಯಾಂಕು ತೊಳೆಯುತ್ತಿದ್ದರು. ಬಕೆಟ್ಟಿನಲ್ಲಿ ಕಲೆಸಿಟ್ಟಿದ್ದ ಬ್ಲೀಚಿಂಗ್ ಪೌಡರಿನ ವಾಸನೆ ಗಾಳಿಯಲ್ಲಿ ಬಂದು ಮೂಗಿಗೆ ಹೊಡೆಯಿತು. ಬಸ್ಸಿಗೆ ಕಾಯುತ್ತಿದ್ದವರು ಸೆರಗು, ಟವಲು ಮೂಗಿಗೆ ಹಿಡಿದುಕೊಂಡರು. ನಾನು ಹಿಡಿಯಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಿಂದ ಅದು ನನ್ನ ಕೈಯದೇ ವಾಸನೆ. ಆದರೆ ಅದು ಮೂಗಿಗೆ ಬಿದ್ದಾಗ ನನಗೆ ನೆನಪಾಗುವುದು ಅಷ್ಟೂ ವರ್ಷವಲ್ಲ, ಒಂದೇ ಒಂದು ಬೇಸಿಗೆ. ಆ ಬೇಸಿಗೆಯಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ಭಾಗಾಕಾರ ಮಾಡುವಾಗ ಸೊನ್ನೆ ಎಲ್ಲಿ ಹಾಕಬೇಕು ಅನ್ನುವುದನ್ನು ನಾನು ಕಲಿತೆ.

ನಮ್ಮೂರು ಯಗಟಿಯಿಂದಾಚೆ, ರಾಗಿ ತೆಂಗಿನ ಒಣ ಸೀಮೆ. ಆಗ ನಾನು ಅಲ್ಲಿ ಪಂಚಾಯಿತಿಯ ವಾಟರ್‌ಮ್ಯಾನ್. ಬೆಳಿಗ್ಗೆ ಮೋಟರ್ ಹಾಕುವುದು, ಒಂದೊಂದೇ ಬೀದಿಯ ವಾಲ್ವ್ ತಿರುಗಿಸುವುದು, ಎಲ್ಲಿ ಪೈಪ್ ಒಡೆಯಿತೋ ಅಲ್ಲಿ ಗುಂಡಿ ತೋಡಿ ಕೂರುವುದು. ಜ್ವರ ಅಂತ ಒಂದು ದಿನವೂ ಮಲಗಿದವನಲ್ಲ. ಊರಿನ ನೆಲದಡಿ ಯಾವ ಪೈಪು ಎಲ್ಲಿ ತಿರುಗಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಇಂಜಿನಿಯರರ ನಕ್ಷೆಗಿಂತ ನನ್ನ ಕಾಲಿಗೆ ಚೆನ್ನಾಗಿ ಗೊತ್ತು. ಇದನ್ನು ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ, ದುಡಿದವನು ಹೇಳಿಕೊಳ್ಳಬಹುದು.

ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿನ ನಡುವೆ. ಆ ವರ್ಷ ನಮ್ಮ ಕಡೆ ಮೇವು ಸಿಗದೆ ಅಪ್ಪ ಕುರಿ ಹೊಡೆದುಕೊಂಡು ಲಕ್ಕವಳ್ಳಿಯ ಕಡೆ ಹೊರಟರು. ಜೊತೆಗೆ ನಾನೂ ಹೋದೆ. ಆಗಷ್ಟೇ ಮೇಷ್ಟ್ರು ಭಾಗಾಕಾರ ಶುರುಮಾಡಿದ್ದರು. ಮಳೆ ಬಿದ್ದು ನಾವು ಊರಿಗೆ ಮರಳುವ ಹೊತ್ತಿಗೆ ಜೊತೆಯವರು ಐದನೇ ಕ್ಲಾಸಿನಲ್ಲಿದ್ದರು. ನಾನು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಹೀಗಾಗಿ ನನಗೆ ಬರುತ್ತಿದ್ದದ್ದು ಅರ್ಧ ಭಾಗಾಕಾರ. ಸಲೀಸಾಗಿ ಹೋಗುವ ಲೆಕ್ಕ ಹೋಗುತ್ತಿತ್ತು, ನಡುವೆ ಎಲ್ಲಾದರೂ ತಡೆದರೆ ನಾನೂ ಅಲ್ಲೇ ನಿಂತುಬಿಡುತ್ತಿದ್ದೆ. ಇದು ಯಾರಿಗೂ ಗೊತ್ತಾಗಲಿಲ್ಲ. ಯಾಕೆಂದರೆ ಬಾಯಿಲೆಕ್ಕದಲ್ಲಿ ನಾನು ಗಟ್ಟಿಗ. ಟ್ಯಾಂಕ್ ತುಂಬಲು ಎಷ್ಟು ಹೊತ್ತು ಬೇಕು, ಎಷ್ಟು ಮನೆಗೆ ಎಷ್ಟು ನೀರು ಬರುತ್ತದೆ, ಎಲ್ಲ ನಿಂತ ಕಾಲಲ್ಲಿ ಹೇಳುತ್ತಿದ್ದೆ.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಊರಿನ ಬೋರಿನಲ್ಲಿ ನೀರು ಇಳಿದು ಮೋಟರ್ ಗಾಳಿ ಎಳೆಯತೊಡಗಿತು. ಇನ್ನೊಂದು, ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಹೊಳೆ ನೀರು ಕೊಡುವ ಹೊಸ ಫಿಲ್ಟರ್ ಹೌಸ್ ಶುರುವಾಗುತ್ತದೆ, ಇನ್ನು ಮೇಲೆ ಊರಿಗೊಬ್ಬ ವಾಟರ್‌ಮ್ಯಾನ್ ಬೇಕಾಗಿಲ್ಲ, ಫಿಲ್ಟರ್ ಹೌಸಿಗೆ ಕೆಲವೇ ಆಪರೇಟರುಗಳು ಸಾಕು. ಹಳಬರಿಗೆ ಮೊದಲ ಅವಕಾಶ. ಆದರೆ ಕಡೂರಿನಲ್ಲಿ ಒಂದು ಪರೀಕ್ಷೆ ಬರೆಯಬೇಕು. ಸ್ವಲ್ಪ ಓದು, ಸ್ವಲ್ಪ ಬರಹ, ಸ್ವಲ್ಪ ಲೆಕ್ಕ. ನೀರಿಗೆ ಔಷಧಿ ಹಾಕುವವನಿಗೆ ಭಾಗಾಕಾರ ತಪ್ಪಬಾರದು ಅನ್ನುವುದು ಅವರ ಮಾತು, ನ್ಯಾಯವಾದ ಮಾತೇ. ಮೊಬೈಲ್ ಹೊರಗಿಟ್ಟು ಬರಬೇಕು. ಪಾಸಾದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ನಾನು ವಾಲ್ವಿನ ಕೀಲಿಯನ್ನು ಪಂಚಾಯಿತಿಗೆ ಒಪ್ಪಿಸಿ ಮನೆಗೆ ಬರಬೇಕು.

ನನ್ನ ಹೆಂಡತಿ ಗಿರಿಜಾ ಅಜ್ಜಂಪುರದವಳು, ಹತ್ತನೇ ಕ್ಲಾಸಿನವರೆಗೆ ಓದಿದವಳು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಾನು ನೋಟೀಸನ್ನು ಮಡಚಿ ಜೇಬಿಗಿಟ್ಟು ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಂಗಿ ಒಗೆಯಲು ತೆಗೆದುಕೊಂಡವಳು ಅದನ್ನು ಓದಿದಳು.

"ಲೆಕ್ಕದ ಪರೀಕ್ಷೆ ಅಂತಲ್ರೀ" ಅಂದಳು.

"ಲೆಕ್ಕ ನಂಗೆ ಬರಲ್ವೇನೇ?"

"ಬಾಯಲ್ಲಿ ಬತ್ತದೆ. ಕಾಗದದ ಮೇಲೆ ನೀವು ಬರೆದದ್ದನ್ನ ನಾನಂತೂ ನೋಡಿಲ್ಲ. ಒಂದು ಮಾಡಿ ತೋರ್ಸಿ, ನೋಡಾಣ."

ಮಧ್ಯಾಹ್ನ ಕರೆಂಟ್ ಹೋದಾಗ ನನಗೆ ಕೆಲಸವಿರುವುದಿಲ್ಲ, ಅವಳ ಮಿಷನ್ ಮಾತ್ರ ಕಾಲಿನದು, ಓಡುತ್ತಿರುತ್ತದೆ. ಹಿತ್ತಲ ಹೊಂಗೆಮರದ ಕೆಳಗೆ ಮಿಷನ್ ಇಟ್ಟುಕೊಂಡು, ಕೊರಳಿಗೆ ಟೇಪು ಹಾಕಿಕೊಂಡು, ಹೊಲಿಯುತ್ತಲೇ ಅವಳು ಲೆಕ್ಕ ಹೇಳಿದಳು. "ಆರುನೂರ ಐವತ್ನಾಕನ್ನ ಆರರಿಂದ ಭಾಗಿಸಿ."

ನಾನು ಬರೆದೆ. ಆರೊಂದ್ಲ ಆರು, ಮೇಲೆ ಒಂದು. ಐದನ್ನು ಕೆಳಗಿಳಿಸಿದೆ. ಐದರಲ್ಲಿ ಆರು ಹೋಗುವುದಿಲ್ಲ. ನಾಲ್ಕನ್ನೂ ಇಳಿಸಿದೆ, ಐವತ್ತನಾಲ್ಕು. ಆರೊಂಬತ್ಲ ಐವತ್ತನಾಲ್ಕು, ಮೇಲೆ ಒಂಬತ್ತು. ಕೆಳಗೆ ಏನೂ ಉಳಿಯಲಿಲ್ಲ. ಹತ್ತೊಂಬತ್ತು. ಹೆಮ್ಮೆಯಿಂದಲೇ ತೋರಿಸಿದೆ.

ಅವಳು ಮಿಷನ್ ನಿಲ್ಲಿಸಿದಳು. "ಆರು ಜನ ಆರುನೂರು ತೆಂಗಿನಕಾಯಿ ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ಎಷ್ಟು?"

"ನೂರು."

"ಮತ್ತೆ ಆರುನೂರ ಐವತ್ನಾಕಕ್ಕೆ ಹತ್ತೊಂಬತ್ತು ಹೆಂಗಾತದೆ?"

ಇಂದಿಗೂ ಆ ಗಳಿಗೆಯನ್ನು ಯೋಚಿಸುತ್ತೇನೆ. ನೂರಕ್ಕಿಂತ ಹೆಚ್ಚು ಬರಬೇಕು ಅಂತ ಬಾಯಿ ಹೇಳುತ್ತದೆ, ಕೈ ಹತ್ತೊಂಬತ್ತು ಬರೆಯುತ್ತದೆ, ಎರಡಕ್ಕೂ ಜಗಳ ಆಗಲಿಲ್ಲ ಯಾಕೆ? ಬಾಯಿಲೆಕ್ಕ ನಮ್ಮದು, ಕಾಗದದ ಲೆಕ್ಕ ಓದಿದವರದು, ಅದಕ್ಕೆ ಅದರದೇ ಬೇರೆ ಕಾನೂನು ಇರುತ್ತದೆ ಅಂತ ನನ್ನ ತಲೆಯೊಳಗೆ ಯಾವಾಗಲೋ ಕೂತುಬಿಟ್ಟಿತ್ತು. ಅರ್ಜಿ ಬರೆಯುವ ಭಾಷೆ ನಾವಾಡುವ ಭಾಷೆಯಲ್ಲ, ಅದನ್ನು ಪ್ರಶ್ನೆ ಮಾಡುತ್ತೇವೆಯೇ? ಹಾಗೇ ಇದೂ ಅಂದುಕೊಂಡಿದ್ದೆ.

"ಕೆಳಗಿಳಿಸಿದ ಅಂಕಿಯಲ್ಲಿ ಹೋಗ್ದಿದ್ರೆ ಮೇಲೆ ಸೊನ್ನೆ ಹಾಕ್ಬೇಕು. ಆಮೇಲೆ ಮುಂದಿನದು ಇಳಿಸ್ಬೇಕು. ಅಷ್ಟೇ ಕಣ್ರೀ" ಅಂದಳು ಗಿರಿಜಾ.

"ಯಾಕೆ?"

"ಯಾಕೆ ಅಂದ್ರೆ? ಹಂಗೇ."

"ಹಂಗೇ ಅಂದ್ರೆ ನಂಗೆ ಆಗಲ್ಲ. ವಾಲ್ವ್ ಎಡಕ್ಕೆ ತಿರುಗಿಸು ಅಂದ್ರೆ ಎಡಕ್ಕೆ ಯಾಕೆ ಅಂತ ಗೊತ್ತಿರಬೇಕು. ಹೋಗಿಲ್ಲ ಅಂದ್ಮೇಲೆ ಏನೂ ಬರೀಬಾರದು. ಇಲ್ಲದ್ದನ್ನ ಯಾಕೆ ಬರೀಬೇಕು?"

"ನಿಮ್ಗೆ ಪಾಸಾಗೋದು ಬೇಕೋ, ವಾದ ಬೇಕೋ?"

ಅವಳು ಹೇಳಿದಂತೆ ಹಾಕಿದೆ. ಅರ್ಥವಿಲ್ಲದೆ ಹಾಕಿದ್ದು ಎಲ್ಲೆಲ್ಲಿಗೋ ಹೋಯಿತು. ತೊಂಬತ್ತಾರನ್ನು ಎಂಟರಿಂದ ಭಾಗಿಸುವಾಗ, ಉಳಿದ ಒಂದರಲ್ಲಿ ಎಂಟು ಹೋಗುವುದಿಲ್ಲ ಅಂತ ಸೊನ್ನೆ ಹಾಕಿ, ಹನ್ನೆರಡು ಬರುವ ಕಡೆ ನೂರ ಎರಡು ಬರೆದೆ. ಇನ್ನೊಂದು ದಿನ ಏಳುನೂರ ಐವತ್ತನ್ನು ಐದರಿಂದ ಭಾಗಿಸಿ, ಕೆಳಗೆ ಏನೂ ಉಳಿಯಲಿಲ್ಲ, ಮುಗಿಯಿತು ಅಂತ ಹದಿನೈದಕ್ಕೆ ನಿಲ್ಲಿಸಿದೆ. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. "ಉಪ್ಪು ಹಾಕಿದ್ನೋ ಇಲ್ವೋ ಅಂತ ಮರೆತು ಸಾರು ಮಾಡ್ದಂಗೆ ಮಾಡ್ತೀರ" ಅಂದಳು. ಅವಳು ನಕ್ಕದ್ದು ತಮಾಷೆಗೆ. ನನಗೆ ಮಾತ್ರ ಎದೆಗೆ ತಾಗಿತು. ಹಾಳೆ ಹರಿದು ಎದ್ದುಹೋದೆ. ನಾಲ್ಕು ದಿನ ಹೊಂಗೆಮರದ ಕೆಳಗೆ ಕೂರಲಿಲ್ಲ. ಊಟಕ್ಕೆ ಕರೆದರೆ ಹೂಂ ಅನ್ನುತ್ತಿದ್ದೆ, ಅಷ್ಟೇ ಮಾತು.

ಅಷ್ಟರಲ್ಲಾಗಲೇ ಬೋರು ಪೂರ್ತಿ ನಿಂತು ಕೆಲವು ವಾರವಾಗಿತ್ತು. ತೆಂಗಿನ ಗರಿಗಳು ಮಡಚಿದ ಕೊಡೆಯ ಹಾಗೆ ಇಳಿಬಿದ್ದಿದ್ದವು. ದಿನ ಬಿಟ್ಟು ದಿನ ಹತ್ತು ಗಂಟೆಯ ಬಿಸಿಲಿಗೆ ಟ್ಯಾಂಕರ್ ಬರುತ್ತಿತ್ತು, ಹಂಚುವವನು ನಾನೇ. ಅಂಥ ಬೇಸಿಗೆಯಲ್ಲಿ ನೀರು ಹಂಚುವುದು ಸಾಮಾನ್ಯ ಕೆಲಸವಲ್ಲ. ಒಂದು ಚೊಂಬು ಹೆಚ್ಚುಕಡಿಮೆಯಾದರೆ ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಅದಕ್ಕೆ ನಾನು ಒಂದು ಕ್ರಮ ಮಾಡಿಕೊಂಡಿದ್ದೆ. ನೂರು ಲೀಟರಿನ ಡ್ರಮ್ಮು, ಹತ್ತು ಲೀಟರಿನ ಬಿಂದಿಗೆ, ಒಂದು ಲೀಟರಿನ ಚೊಂಬು, ಈ ಮೂರೇ ಅಳತೆ. ಮೊದಲು ಡ್ರಮ್ಮು. ಡ್ರಮ್ಮು ಎಲ್ಲರಿಗೂ ಸಾಲದಷ್ಟು ಉಳಿದಾಗ ಬಿಂದಿಗೆ. ಬಿಂದಿಗೆಯೂ ಸಾಲದಾದಾಗ ಚೊಂಬು. ಕೊಟ್ಟದ್ದನ್ನು ಆಯಾ ಮನೆಯ ಬಾಗಿಲವಾಡದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದೆ. ಎಡಗಡೆ ಡ್ರಮ್ಮಿನ ಗೀಟು, ಸ್ವಲ್ಪ ಬಿಟ್ಟು ಬಿಂದಿಗೆಯದು, ಮತ್ತೆ ಸ್ವಲ್ಪ ಬಿಟ್ಟು ಚೊಂಬಿನದು. ಯಾರು ಬೇಕಾದರೂ ಬಂದು ನೋಡಲಿ, ನನ್ನ ಕೈ ಶುದ್ಧ ಅಂತ.

ನಾನು ಮುನಿಸಿಕೊಂಡ ಆ ನಾಲ್ಕು ದಿನ ಕಳೆದು ಬಂದ ಶನಿವಾರ ಮೇಗಲ ಬೀದಿಯ ಸರದಿ. ಎಂಟು ಮನೆ. ಮನೆಗೊಂದರಂತೆ ಎಂಟು ಡ್ರಮ್ಮು ತುಂಬಿದವು. ಟ್ಯಾಂಕರ್ ತಳದಲ್ಲಿ ಉಳಿದದ್ದು ಎರಡು ಬಿಂದಿಗೆ ಮತ್ತು ನಾಲ್ಕು ಚೊಂಬು ನೀರು. ಎರಡು ಬಿಂದಿಗೆಯನ್ನು ಎಂಟು ಮನೆಗೆ ಕೊಡಲಾಗುವುದಿಲ್ಲ. ಚೊಂಬಿನಲ್ಲಿ ಅಳೆದೆ. ಇಪ್ಪತ್ತು ಮತ್ತು ನಾಲ್ಕು, ಇಪ್ಪತ್ತನಾಲ್ಕು ಚೊಂಬು. ಮನೆಗೆ ಮೂರು ಚೊಂಬು ಹೊಯ್ದು, ಗೀಟು ಹಾಕಿ ಮುಗಿಸಿದೆ.

ಬೀದಿಯ ಕೊನೆಯ ಮನೆ ಹಾಲಮ್ಮನದು. ಎಪ್ಪತ್ತು ದಾಟಿದ ಮುದುಕಿ, ಒಂಟಿ ಜೀವ, ಇಡೀ ಬೀದಿಗೆ ಕೇಳುವ ಗಂಟಲು. ನಾನು ಡ್ರಮ್ಮು ಹೊರುವ ಗಾಡಿ ತಿರುಗಿಸುವಾಗ ಕೂಗಿದಳು.

"ಲೇ ಶಿವಣ್ಣ, ನಿಂತ್ಕೊಳ್ಳೋ. ನನ್ ನೀರು ಎಲ್ಲಿಗೋಯ್ತು?"

"ಯಾವ ನೀರವ್ವ? ಕೊಟ್ಟಾಯ್ತಲ್ಲ."

"ಕೊಟ್ಟದ್ದು ಮೂರು ಚೊಂಬು. ಬರ್ಕೊಂಡಿರೋದು ಮೂರು ಬಿಂದಿಗೆ. ನಂಗೆ ಅಕ್ಸರ ಬರಲ್ಲ ಅಂತ ಹಿಂಗ್ ಮಾಡ್ತೀಯೇನೋ? ಒಂದು ಡ್ರಮ್ಮು, ಅದರ ಪಕ್ಕ ಮೂರು ಬಿಂದಿಗೆ. ಗೀಟು ಎಣಿಸಕ್ಕೆ ನಂಗೆ ಬತ್ತದೆ ಕಣೋ."

ಹೋಗಿ ನೋಡಿದೆ. ಅವಳ ಬಾಗಿಲವಾಡ ಸಣ್ಣದು, ಅಂಗೈ ಅಗಲವೂ ಇಲ್ಲ. ಬಿಂದಿಗೆಯ ಜಾಗ ಬಿಡಲು ಅಲ್ಲಿ ಜಾಗವೇ ಇರಲಿಲ್ಲ. ಒಂದು ಗೀಟು, ಅದರ ಪಕ್ಕಕ್ಕೇ ಮೂರು ಗೀಟು. ನೋಡಿದವರು ಒಂದು ಡ್ರಮ್ಮು, ಮೂರು ಬಿಂದಿಗೆ ಅಂತಲೇ ಓದುವುದು.

ಅಕ್ಕಪಕ್ಕದ ಹೆಂಗಸರು ಬಂದು ನಿಂತರು. "ಮೂರು ಬಿಂದಿಗೆ ಅಂದ್ರೆ ಮೂವತ್ತು ಲೀಟರ್" ಅಂತ ಯಾರೋ ಹಿಂದಿನಿಂದ ಹೇಳಿದರು. ಇನ್ನೊಬ್ಬಳು ನನ್ನ ಮನೆಯ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಅದು ಬಿಂದಿಗೆ ಅಲ್ಲ ಕಣವ್ವ, ಚೊಂಬು. ಬಿಂದಿಗೆ ಇವತ್ತು ಯಾರಿಗೂ ಬಂದಿಲ್ಲ. ಪಕ್ಕದ ಬಾಗಿಲು ನೋಡು."

"ಬಂದಿಲ್ಲ ಅಂದ್ರೆ ಬಂದಿಲ್ಲ ಅಂತ ಗುರುತು ಎಲ್ಲೈತೆ?"

"ಬರದೇ ಇದ್ದದ್ದಕ್ಕೆ ಗುರುತು ಯಾಕೆ?"

ಹಾಲಮ್ಮ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. "ಕಣದಲ್ಲಿ ರಾಗಿ ಅಳೆಯೋದು ನೋಡಿಲ್ವೇನೋ ನೀನು? ನಮ್ಮಪ್ಪ ಖಂಡುಗಕ್ಕೆ ಒಂದು ಕಡೆ ಕಲ್ಲು, ಅದಕ್ಕಿಂತ ಸಣ್ಣ ಕೊಳಗಕ್ಕೆ ಒಂದು ಕಡೆ, ಇನ್ನೂ ಸಣ್ಣ ಬಳ್ಳಕ್ಕೆ ಒಂದು ಕಡೆ ಕಲ್ಲಿಡ್ತಿದ್ದ. ಕೊಳಗ ಬರಲಿಲ್ಲ ಅಂದ್ರೆ ಆ ಜಾಗದಲ್ಲಿ ಒಂದು ಸಗಣಿ ಉಂಡೆ ಇಡ್ತಿದ್ದ. ಖಾಲಿ ಬಿಟ್ರೆ ಬಳ್ಳದ ಕಲ್ಲನ್ನ ಯಾವನಾದ್ರೂ ಕೊಳಗ ಅಂತ ಎಣಿಸ್ತಾನೆ ಅಂತ. ಕೊಟ್ಟದ್ದಕ್ಕೆ ಗುರುತು ಇಡೋದು ದೊಡ್ಡದಲ್ಲ ಕಣೋ. ಕೊಡ್ದೇ ಇದ್ದ ಜಾಗಕ್ಕೂ ಇಡ್ಬೇಕು."

ನಾನು ಒದ್ದೆ ಬಟ್ಟೆಯಲ್ಲಿ ಆ ಗೀಟುಗಳನ್ನು ಒರೆಸಿದೆ. ಮತ್ತೆ ಬರೆದೆ. ಒಂದು ಗೀಟು. ಪಕ್ಕದಲ್ಲಿ, ಉಂಡೆಯ ಹಾಗೆ, ಒಂದು ದುಂಡು. ಅದರ ಪಕ್ಕ ಮೂರು ಗೀಟು.

"ಈಗ ಸರಿ ಹೋಯ್ತು" ಅಂದಳು ಹಾಲಮ್ಮ. ಮಿಕ್ಕ ಏಳು ಬಾಗಿಲಿಗೂ ಬಂದು ನೋಡಿದಳು, ನಾನು ಪ್ರತಿಯೊಂದಕ್ಕೂ ದುಂಡು ಹಾಕಿದೆ. ಕೊನೆಯ ಬಾಗಿಲಿಗೆ ಹಾಕುವಾಗ ನನ್ನ ಕೈ ನಿಂತುಹೋಯಿತು. ಒಂದು, ಸೊನ್ನೆ, ಮೂರು. ನೂರ ಮೂರು ಲೀಟರ್. ಎಂಟು ಡ್ರಮ್ಮು, ಎರಡು ಬಿಂದಿಗೆ, ನಾಲ್ಕು ಚೊಂಬು, ಎಂಟುನೂರ ಇಪ್ಪತ್ತನಾಲ್ಕು. ಎಂಟು ಮನೆ. ನಾನು ಇಷ್ಟು ದಿನ ಬೀದಿಯಲ್ಲಿ ಮಾಡುತ್ತಿದ್ದದ್ದು ಭಾಗಾಕಾರವೇ. ಎರಡು ಬಿಂದಿಗೆಯನ್ನು ಚೊಂಬಿಗೆ ಹೊಯ್ದುಕೊಂಡದ್ದೇ ಮುಂದಿನ ಅಂಕಿಯನ್ನು ಇಳಿಸಿಕೊಂಡದ್ದು. ಹೊಯ್ದುಕೊಳ್ಳುವ ಮೊದಲು ಬಿಂದಿಗೆಯ ಜಾಗಕ್ಕೆ ಗುರುತು ಹಾಕಬೇಕಿತ್ತು, ನಾನು ಹಾಕಲಿಲ್ಲ. ಬಾಗಿಲವಾಡದ ಮೇಲೂ ಹಾಕಲಿಲ್ಲ, ಹೊಂಗೆಮರದ ಕೆಳಗೂ ಹಾಕಲಿಲ್ಲ.

ಆ ಮಧ್ಯಾಹ್ನ ಗಿರಿಜಾಳ ಮಿಷನ್ ಮುಂದೆ ಹೋಗಿ ಕೂತೆ. "ಆರುನೂರ ಐವತ್ನಾಕು ಕೊಡು" ಅಂದೆ.

"ನಾಕು ದಿನದ ಮೇಲೆ ಬಾಯಿ ಬಂತಾ" ಅಂದಳು, ಪೆನ್ನು ಕೊಟ್ಟಳು.

ಆರು ಡ್ರಮ್ಮು ಆರು ಮನೆಗೆ, ಒಂದೊಂದು. ಐದು ಬಿಂದಿಗೆ ಆರು ಮನೆಗೆ ಬರುವುದಿಲ್ಲ, ಅಲ್ಲಿ ದುಂಡು. ಐದು ಬಿಂದಿಗೆ ಚೊಂಬಿಗಿಳಿದರೆ ಐವತ್ತು, ಮೊದಲಿದ್ದ ನಾಲ್ಕು ಸೇರಿ ಐವತ್ತನಾಲ್ಕು, ಮನೆಗೆ ಒಂಬತ್ತು. ನೂರ ಒಂಬತ್ತು. ಏಳುನೂರ ಐವತ್ತಕ್ಕೂ ದಾರಿ ಕಂಡಿತು. ನೀರು ಬಿಂದಿಗೆಯಲ್ಲೇ ಮುಗಿದರೂ ಚೊಂಬಿನ ಜಾಗ ಇದೆ. ಚೊಂಬು ಬರಲಿಲ್ಲ ಅಂತ ಗುರುತು ಹಾಕದಿದ್ದರೆ ನೂರ ಐವತ್ತು ಹದಿನೈದಾಗಿ ಕೂರುತ್ತದೆ.

ಅವಳಿಗೆ ಎಲ್ಲ ಬಿಡಿಸಿ ಹೇಳಿದೆ, ಹಾಲಮ್ಮ ಬೈದದ್ದನ್ನೂ ಸೇರಿಸಿ. ಅವಳು ಹೊಲಿಗೆ ಬಿಟ್ಟು ಕೇಳಿದಳು. ಕೊನೆಗೆ, "ಹತ್ತನೇ ಕ್ಲಾಸ್‌ವರ್ಗೂ ಹಾಕಿದೀನಿ ಕಣ್ರೀ, ಯಾಕೆ ಹಾಕ್ತೀನಿ ಅಂತ ನಂಗೂ ಗೊತ್ತಿರ್ಲಿಲ್ಲ" ಅಂದಳು. ಅಷ್ಟು ಹೇಳಲು ಅವಳಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ಅವಳ ಬಾಯಿಂದ ಎಷ್ಟು ಹಗುರವಾಗಿ ಬಂತು ಅಂತ ನಾನು ನೋಡುತ್ತ ಕೂತೆ.

ಒಂದು ಅನುಮಾನ ಮಾತ್ರ ಉಳಿದಿತ್ತು. "ಇನ್ನೂರ ನಲವತ್ತೆಂಟನ್ನ ನಾಕರಿಂದ ಭಾಗಿಸುವಾಗ ಮೊದಲ ಎರಡರಲ್ಲೂ ನಾಕು ಹೋಗಲ್ಲ. ಅಲ್ಲಿ ಯಾಕೆ ಸೊನ್ನೆ ಹಾಕಲ್ಲ?"

"ಹಾಕಿ ನೋಡಿ. ಏನಾತದೆ?"

ಹಾಕಿದೆ. ಸೊನ್ನೆ, ಆರು, ಎರಡು. ಅರವತ್ತೆರಡೇ. ಏನೂ ಬದಲಾಗಲಿಲ್ಲ. ನಡುವಿನ ಸೊನ್ನೆ ತನ್ನ ಎಡಗಡೆ ಕೂತವರನ್ನು ಅವರವರ ಜಾಗದಲ್ಲಿ ಹಿಡಿದಿಡುತ್ತದೆ. ಮೊದಲೇ ಹಾಕಿದ ಸೊನ್ನೆಯ ಎಡಕ್ಕೆ ಯಾರೂ ಇಲ್ಲ, ಅದು ಹಿಡಿಯುವುದು ಯಾರನ್ನು? ಹಾಕಿದರೆ ತಪ್ಪಲ್ಲ, ಬೇಕಾಗಿಲ್ಲ ಅಷ್ಟೇ. ಒಂದು ಗೀಟು ಬಿದ್ದ ಮೇಲೆ ಮಾತ್ರ ಯಾವ ಜಾಗವನ್ನೂ ಖಾಲಿ ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಮೊದಲ ಮಳೆ ಬಿದ್ದ ವಾರ ಪರೀಕ್ಷೆ. ಬೆಳಿಗ್ಗೆ ಬಸ್ಸಿಗೆ ಕಡೂರಿಗೆ ಹೋದೆ. ಒಂದು ಶಾಲೆಯ ಕೋಣೆ, ಮೊಣಕಾಲು ತೂರದ ಬೆಂಚು. ಯಗಟಿ ಕಡೆಯವರು, ಅಜ್ಜಂಪುರದ ಕಡೆಯಿಂದ ಬಂದವರು, ಹದಿನೈದಿಪ್ಪತ್ತು ಜನ. ಕೆಲವರ ತಲೆ ನನಗಿಂತ ನೆರೆತಿತ್ತು, ಕೆಲವರು ಐಟಿಐ ಮುಗಿಸಿ ಬಂದ ಹೊಸಬರು. ಲೆಕ್ಕದ ಕೊನೆಯ ಪ್ರಶ್ನೆ, ಎರಡು ಸಾವಿರದ ನಾನೂರ ಹದಿನಾರು ಲೀಟರನ್ನು ಎಂಟು ತೊಟ್ಟಿಗೆ ಸಮವಾಗಿ ಬಿಟ್ಟರೆ ಒಂದಕ್ಕೆ ಎಷ್ಟು. ಸಾವಿರದ ಜಾಗದ ಎರಡರಲ್ಲಿ ಎಂಟು ಹೋಗುವುದಿಲ್ಲ, ಇನ್ನೂ ಗೀಟೇ ಬಿದ್ದಿಲ್ಲ, ಗುರುತು ಬೇಡ. ಇಪ್ಪತ್ತನಾಲ್ಕು ಡ್ರಮ್ಮಿನಲ್ಲಿ ಮೂರು. ಒಂದು ಬಿಂದಿಗೆ ಬರುವುದಿಲ್ಲ, ದುಂಡು. ಹದಿನಾರು ಚೊಂಬಿನಲ್ಲಿ ಎರಡು. ಮುನ್ನೂರ ಎರಡು.

ಊಟದ ನಂತರ ಒಬ್ಬೊಬ್ಬರನ್ನೇ ಒಳಗೆ ಕರೆದರು. ಒಳಗಿದ್ದದ್ದು ಇಂಜಿನಿಯರ್ ಮೇಡಂ, ಮೂವತ್ತು ವರ್ಷ ಇರಬಹುದು. ನನ್ನ ಹಾಳೆ ಅವರ ಕೈಯಲ್ಲಿತ್ತು.

"ಶಿವಣ್ಣನವರೇ, ಈ ಕೊನೆಯದನ್ನ ಸುಮಾರು ಜನ ಮೂವತ್ತೆರಡು ಅಂತ ಬರೆದಿದಾರೆ. ನೀವು ನಡುವೆ ಸೊನ್ನೆ ಹಾಕಿದೀರಿ. ಪಕ್ಕದವರದು ನೋಡಿ ಹಾಕಿದ್ರಾ, ಗೊತ್ತಿದ್ದು ಹಾಕಿದ್ರಾ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಎದ್ದುಬರುತ್ತಿದ್ದೆ. ಅವತ್ತು ಬರಲಿಲ್ಲ. ಡ್ರಮ್ಮು, ಬಿಂದಿಗೆ, ಚೊಂಬು ಮೂರನ್ನೂ ಅವರ ಮೇಜಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದೆ. ಬಿಂದಿಗೆಯ ಜಾಗ ಖಾಲಿ ಬಿಟ್ಟರೆ ಏನಾಗುತ್ತದೆ, ಮೊದಲಿಗೆ ಯಾಕೆ ಬೇಡ, ಕೊನೆಗೆ ಯಾಕೆ ಬೇಕು, ಎಲ್ಲ ಹೇಳಿದೆ. ಅವರು ತಡೆಯದೆ ಕೇಳಿದರು. ಹೊಸ ಹಾಳೆ ಎಳೆದುಕೊಂಡು ತಾವೂ ಗೆರೆ ಹಾಕಿ ಮೂರು ಜಾಗ ಮಾಡಿಕೊಂಡರು.

"ಇದನ್ನ ಯಾವ ಮೇಷ್ಟ್ರು ಹೇಳಿಕೊಟ್ರು ನಿಮಗೆ?"

ನಾನೇ ಕಲಿತೆ ಮೇಡಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೀವನದಲ್ಲಿ ಯಾರು ಏನು ಕೇಳಿದರೂ ನಾನು ಕೊಟ್ಟ ಉತ್ತರ ಅದೇ. ವಾಲ್ವ್ ಕೆಲಸ ನಾನೇ ಕಲಿತೆ, ಮೋಟರ್ ಬಿಚ್ಚುವುದು ನಾನೇ ಕಲಿತೆ. ಅವೆಲ್ಲ ಸುಳ್ಳೂ ಅಲ್ಲ. ಇದು ಮಾತ್ರ ಹಾಗಲ್ಲ ಅಂತ ನನಗೆ ಗೊತ್ತಿತ್ತು.

"ಮೇಷ್ಟ್ರಲ್ಲ ಮೇಡಂ. ಇಬ್ಬರು ಹೆಂಗಸ್ರು."

"ಅವರೂ ವಾಟರ್ ಸಪ್ಲೈನಲ್ಲಿ ಇದಾರಾ?"

"ಇಲ್ಲ. ಒಬ್ಬಳು ನನ್ ಹೆಂಡ್ತಿ, ರವಿಕೆ ಹೊಲೀತಾಳೆ. ಇನ್ನೊಬ್ಬಳು ನಮ್ಮೂರ ಮುದುಕಿ, ನನ್ ಮೇಲೆ ಕಳ್ಳತನ ಹೊರಿಸಿದ್ಲು."

ಮೇಡಂ ತಲೆ ಎತ್ತಿ ನೋಡಿದರು. ತಮಾಷೆಯೋ ನಿಜವೋ ಅಂತ ಅಳೆದರು. ಆಮೇಲೆ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ ಅದರ ಮುಂದೆ ಸಹಿ ಹಾಕಿದರು.

"ಸೋಮವಾರ ಬಂದು ಡ್ಯೂಟಿಗೆ ಸೇರ್ಕೊಳ್ಳಿ" ಅಂದರು.